ಹಳೆಯ ಡರ್ಟ್ ಬೈಕ್ ಕೊಳ್ಳುವ ಮುನ್ನ: ಎಕ್ಸ್‌ಪಲ್ಸ್ 200ರ ದೋಷ ಪತ್ತೆ ಮತ್ತು ಡೀಲರ್ ಜೊತೆ ಬೆಲೆಯ ಮಾತು

ಬಳಸಿದ ಡರ್ಟ್ ಬೈಕಿನ (ಕಚ್ಚಾ ರಸ್ತೆಗೆ ಹೊಂದುವ ಬೈಕಿನ) ನಿಜಸ್ಥಿತಿ ತಿಳಿಯಬೇಕಾದರೆ ಅದರ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಡೀಲರ್ ಬಳಿ ಸಮಯ ಗೊತ್ತುಪಡಿಸಿಕೊಳ್ಳುವಾಗ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಅಲ್ಲಿಗೆ ತಲುಪಿದ ಕೂಡಲೇ, ಮಾತು ಶುರುವಾಗುವುದಕ್ಕೂ ಮುಂಚೆ, ಎಂಜಿನ್ ಬದಿಯ ಮೇಲೆ ಅಂಗೈ ಇಟ್ಟು ನೋಡಿ. ಅದು ಬೆಚ್ಚಗಿದ್ದರೆ ಬೆಳಗಿನ ಮೊದಲ ಹೊಗೆ, ಮೊದಲ ಸದ್ದು, ಸ್ಟಾರ್ಟ್ ಆಗಲು ಹಿಡಿದ ಸಮಯ ಇವು ಮೂರೂ ನಿಮಗೆ ಸಿಗದಂತೆ ಹೋಗಿವೆ ಎಂದರ್ಥ. ಅಂಥ ದಿನ ಟೈರು, ಬಣ್ಣ, ಕಾಗದಪತ್ರ ಮಾತ್ರ ನೋಡಿಕೊಂಡು ಬಂದು, ಎಂಜಿನ್ ಪರೀಕ್ಷೆಯನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಬರಹದಲ್ಲಿ ನಾನು ಉದಾಹರಣೆಗೆ ತೆಗೆದುಕೊಂಡಿರುವುದು ಹೀರೋ ಎಕ್ಸ್‌ಪಲ್ಸ್ 200. 2019ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿ ಮಲೆನಾಡಿನ ತೋಟಗಳಲ್ಲಿಯೂ ಬೆಂಗಳೂರಿನ ವಾರಾಂತ್ಯದ ಸವಾರರಲ್ಲಿಯೂ ಬಹುಬೇಗ ಬಳಕೆಗೆ ಬಂದದ್ದರಿಂದ, ಹಳೆಯ ಗಾಡಿಗಳ ಅಂಗಡಿಯಲ್ಲಿ ಇಂದು ಸುಲಭವಾಗಿ ಸಿಗುತ್ತದೆ. 199.6 ಸಿಸಿ ಎಂಜಿನ್, ಐದು ಗೇರ್, ಮುಂದೆ 21 ಇಂಚಿನ ಮತ್ತು ಹಿಂದೆ 18 ಇಂಚಿನ ಕಡ್ಡಿ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲಿ 190 ಮಿಲಿಮೀಟರ್ ಮೇಲೆ ಕೆಳಗೆ ಓಡಾಟ: ಕಚ್ಚಾ ರಸ್ತೆಗೆ ಬೇಕಾದದ್ದೆಲ್ಲ ಇದರಲ್ಲಿದೆ. ಹಾಗಾಗಿಯೇ ಕಚ್ಚಾ ರಸ್ತೆಯ ಪೆಟ್ಟುಗಳನ್ನೂ ಇದು ಹೆಚ್ಚಾಗಿ ತಿಂದಿರುತ್ತದೆ. ಕವಾಸಕಿ ಕೆಎಲ್ಎಕ್ಸ್ 110, 140ರಂಥ ಗಾಡಿಗಳು ಬೇರೆ ವರ್ಗಕ್ಕೆ ಸೇರಿದವು. ಅವುಗಳಿಗೆ ನೋಂದಣಿಯೇ ಇರುವುದಿಲ್ಲವಾದ್ದರಿಂದ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಆರ್‌ಸಿ ಇಲ್ಲದ ಗಾಡಿಯನ್ನು ‘ಆಮೇಲೆ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಮಾರಲು ಬಂದರೆ ಮಾತು ಅಲ್ಲಿಗೇ ನಿಲ್ಲಿಸಬೇಕು.

ಶಕ್ತಿ ಕುಂದಿದ ಎಂಜಿನ್: ಮೊದಲು ನೋಡಬೇಕಾದದ್ದು ಧೂಳು

ನಾನು ಮೊದಲ ಬಾರಿಗೆ ಹಳೆಯ ಎಕ್ಸ್‌ಪಲ್ಸ್ ಕೊಂಡಾಗ ಬಣ್ಣ ನೋಡಿದೆ, ಸದ್ದು ಕೇಳಿದೆ, ಒಂದು ಸುತ್ತು ಓಡಿಸಿ ಮುಂಗಡ ಕೊಟ್ಟೆ. ಸಮತಟ್ಟಾದ ರಸ್ತೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಸಕಲೇಶಪುರದ ಕಡೆ ತೋಟದ ಏರು ಹತ್ತಿಸುವಾಗ ಎರಡನೇ ಗೇರಿನಲ್ಲಿ ಎಳೆಯಬೇಕಾದ ಗಾಡಿ ಮೊದಲ ಗೇರ್ ಕೇಳತೊಡಗಿತು. ಎರಡು ತಿಂಗಳಲ್ಲಿ ಎಣ್ಣೆಯ ಮಟ್ಟವೂ ಕಡಿಮೆಯಾಯಿತು. ಮೆಕ್ಯಾನಿಕ್ ಸೈಡ್ ಪ್ಯಾನೆಲ್ ಬಿಚ್ಚಿ ಏರ್ ಫಿಲ್ಟರ್ ತೆಗೆದು, ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಂದು ಸಲ ಆಡಿಸಿ ನನ್ನ ಮುಂದೆ ಹಿಡಿದರು. ಬಟ್ಟೆಯ ತುದಿ ಕುಂಕುಮ ಮುಟ್ಟಿದಂತೆ ಕೆಂಪಾಗಿತ್ತು. ಫಿಲ್ಟರ್ ದಾಟಿ ಒಳಗೆ ಹೋದ ಕೆಮ್ಮಣ್ಣಿನ ಧೂಳು ಪಿಸ್ಟನ್ನನ್ನೂ ಸಿಲಿಂಡರನ್ನೂ ಉಜ್ಜುಕಾಗದದಂತೆ ತಿಂದಿತ್ತು. ಸಿಲಿಂಡರ್ ಕಿಟ್ ಬದಲಿಸದೆ ಬೇರೆ ದಾರಿಯಿರಲಿಲ್ಲ.

ಅಂದಿನಿಂದ ಯಾವ ಡರ್ಟ್ ಬೈಕ್ ನೋಡಲು ಹೋದರೂ ನಾನು ಮೊದಲು ಮಾಡುವ ಪರೀಕ್ಷೆ ಇದೇ. ಫಿಲ್ಟರ್ ಕೊಳೆಯಾಗಿದ್ದರೆ ಗಾಬರಿಪಡಬೇಕಿಲ್ಲ. ಧೂಳು ಹಿಡಿಯುವುದೇ ಅದರ ಕೆಲಸ. ಫಿಲ್ಟರಿನ ಆಚೆಯ ಬದಿ, ಅಂದರೆ ಎಂಜಿನ್ ಕಡೆಯ ಗೋಡೆ, ಶುದ್ಧವಾಗಿರಬೇಕು. ಅಲ್ಲಿ ಧೂಳು ಸಿಕ್ಕಿದರೆ ಕಾರಣ ಮೂರರಲ್ಲಿ ಒಂದಾಗಿರುತ್ತದೆ: ಫಿಲ್ಟರ್ ಅಂಚು ಸರಿಯಾಗಿ ಕೂತಿಲ್ಲ, ಕೊಳವೆಯ ಕ್ಲಿಪ್ ಸಡಿಲವಾಗಿದೆ, ಇಲ್ಲವೇ ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಿದ್ದಾರೆ. ಕಾರಣ ಯಾವುದೇ ಇರಲಿ, ಪರಿಣಾಮ ಒಂದೇ ಆದ್ದರಿಂದ ಆ ಗಾಡಿಯ ಬೆಲೆಯನ್ನು ಸಿಲಿಂಡರ್ ಕೆಲಸದ ಖರ್ಚು ಸೇರಿಸಿಯೇ ಲೆಕ್ಕ ಹಾಕಬೇಕು. ಫಿಲ್ಟರ್ ಬಿಚ್ಚಲು ಡೀಲರ್ ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿದು ಹೊರಡಿ.

ಮುಂದಿನದು ಹೊಗೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಒಬ್ಬರು ಸೈಲೆನ್ಸರಿನ ಹಿಂದೆ ನಿಂತು ನೋಡಬೇಕು. ಸ್ಟಾರ್ಟ್ ಆದೊಡನೆ ಒಂದು ಬಾರಿ ನೀಲಿ ಹೊಗೆ ಬಂದು ನಿಂತುಹೋದರೆ ಸಾಮಾನ್ಯವಾಗಿ ವಾಲ್ವ್ ಸೀಲಿನ ದೋಷ. ರಾತ್ರಿಯಿಡೀ ಸೀಲಿನ ಮೂಲಕ ಇಳಿದ ಎಣ್ಣೆ ಬೆಳಿಗ್ಗೆ ಸುಟ್ಟು ಹೋಗುತ್ತದೆ. ಗಾಡಿ ಬಿಸಿಯಾದ ಮೇಲೆಯೂ ಏರಿನಲ್ಲಿ ಥ್ರಾಟಲ್ ತಿರುಗಿಸಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದರ ಗುರುತು, ಅದು ಅಗ್ಗದಲ್ಲಿ ಸರಿಹೋಗುವುದೂ ಉಂಟು. ಚಳಿಗಾಲದ ಬೆಳಿಗ್ಗೆ ಬರುವ ತೆಳು ಬಿಳಿ ಹಬೆ ದೋಷವಲ್ಲ.

ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ ಅದರ ಒಳಬದಿಯನ್ನು ನೋಡಿ. ಕಪ್ಪಾಗಿದ್ದರೆ ಎಣ್ಣೆ ಬದಲಿಸುವ ಸಮಯ ಮೀರಿದೆ, ಅಷ್ಟೆ. ಆದರೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕಂಡರೆ ಎಣ್ಣೆಗೆ ನೀರು ಬೆರೆತಿದೆ. ಕಾರಿನಲ್ಲಿ ಇಂಥ ನೊರೆ ಕಂಡಾಗ ಕೂಲಂಟ್ ನೀರನ್ನು ಎಣ್ಣೆಯಿಂದ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ಎಕ್ಸ್‌ಪಲ್ಸ್ 200ರಲ್ಲಿ ಆ ಮಾತು ಹೊಂದುವುದಿಲ್ಲ. ಮೊದಲ ಬಿಎಸ್4 ಗಾಡಿಗಳಿಗೆ (ಬಿಎಸ್ ಎಂದರೆ ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಮಟ್ಟ) ಗಾಳಿಯಿಂದ, 2020ರ ಬಿಎಸ್6 ಗಾಡಿಗಳಿಂದೀಚೆಗೆ ಎಣ್ಣೆಯ ಕೂಲರಿನಿಂದ ತಂಪು ಸಿಗುತ್ತದೆಯೇ ಹೊರತು, ಈ ಎಂಜಿನ್ನಿನಲ್ಲಿ ಕೂಲಂಟ್ ನೀರು ಇಲ್ಲವೇ ಇಲ್ಲ. ಚಿಕ್ಕ ಚಿಕ್ಕ ದೂರಕ್ಕಷ್ಟೇ ಓಡುವ ಗಾಡಿಯಲ್ಲಿ ಮುಚ್ಚಳದ ಬಳಿ ಮಾತ್ರ ತೆಳುವಾಗಿ ನೊರೆ ಕಟ್ಟುವುದುಂಟು. ಎಣ್ಣೆಯೇ ಆ ಬಣ್ಣಕ್ಕೆ ತಿರುಗಿದ್ದರೆ ನೀರು ಹೊರಗಿನಿಂದ ಬಂದಿದೆ: ಹಳ್ಳ ದಾಟುವಾಗ ಗಾಡಿ ಮುಳುಗಿದೆ, ಅಥವಾ ಪ್ರೆಶರ್ ನೀರಿನಿಂದ ಎಂಜಿನ್ ತೊಳೆದಿದ್ದಾರೆ. ಮುಳುಗಿದ ಅನುಮಾನ ಬಂದರೆ ಸೀಟು ಎತ್ತಿ ವೈರಿಂಗ್ ಕನೆಕ್ಟರ್‌ಗಳಲ್ಲಿ ಒಂದೆರಡನ್ನು ಬಿಡಿಸಿ ನೋಡಿ. ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಅನುಮಾನ ನಿಜ. ಅಂಥ ಗಾಡಿ ಮಳೆಗಾಲದಲ್ಲಿ ನಡು ದಾರಿಯಲ್ಲಿ ನಿಲ್ಲುತ್ತದೆ, ಮತ್ತು ದೋಷ ಎಲ್ಲಿದೆ ಎಂದು ಹುಡುಕುವುದಕ್ಕೇ ದಿನಗಟ್ಟಲೆ ಬೇಕಾಗುತ್ತದೆ.

ಸದ್ದುಗಳ ವಿಷಯದಲ್ಲಿ ಒಂದೇ ಎಚ್ಚರ. ತಣ್ಣಗಿರುವಾಗ ಮೇಲಿನ ಭಾಗದಲ್ಲಿ ಕೇಳುವ ಹಗುರವಾದ ಟಿಕ್ ಟಿಕ್ ಸದ್ದು ಟ್ಯಾಪೆಟ್ ಹೊಂದಾಣಿಕೆಯಿಂದ, ಅಂದರೆ ವಾಲ್ವಿನ ಸಂದು ಸರಿಪಡಿಸುವುದರಿಂದ, ಹೋಗುತ್ತದೆ. ಸ್ಟಾರ್ಟ್ ಆದ ಕೆಲವು ಕ್ಷಣ ಸರಪಳಿ ಅಲುಗಿಸಿದಂಥ ಸದ್ದು ಬಂದು ನಿಂತರೆ ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಬೇಕು. ಭಾರ ಬಿದ್ದಾಗ ಕೆಳಗಿನಿಂದ ಮಂದವಾದ ಕುಟ್ಟುವ ಸದ್ದು ಬಂದರೆ ಅದು ಎಂಜಿನ್ನಿನ ಮುಖ್ಯ ಅಚ್ಚಾದ ಕ್ರ್ಯಾಂಕಿನ ಬೇರಿಂಗ್. ಆ ಗಾಡಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಡುವುದೇ ಲೇಸು.

ಕ್ಲಚ್ ಪರೀಕ್ಷೆಗೆ ಐದನೇ ಗೇರಿನಲ್ಲಿ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಥ್ರಾಟಲನ್ನು ಪೂರ್ತಿ ತಿರುಗಿಸಿ. ಎಂಜಿನ್ ವೇಗ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಕೆಸರಿನಲ್ಲಿ ಅರ್ಧ ಕ್ಲಚ್ ಹಿಡಿದು ಓಡಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಬಿದ್ದೆದ್ದ ಗಾಡಿಯ ಗುರುತುಗಳು

ಡರ್ಟ್ ಬೈಕ್ ಬೀಳದೆ ಇರುವುದಿಲ್ಲ. ಲಿವರ್ ತುದಿ ಸವೆದಿರುವುದು, ಹ್ಯಾಂಡಲ್ ಗಾರ್ಡಿನ ಮೇಲೆ ಗೀರುಗಳಿರುವುದು, ಎಂಜಿನ್ನಿನ ಕೆಳಗಿನ ತಗಡು ತಗ್ಗಾಗಿರುವುದು ಇವೆಲ್ಲ ಬಳಕೆಯ ಗುರುತುಗಳು. ಇವನ್ನು ತೋರಿಸಿ ಬೆಲೆ ಇಳಿಸಲು ಹೋದರೆ ಡೀಲರಿಗೆ ನಿಮ್ಮ ಅನುಭವದ ಅಳತೆ ಸಿಕ್ಕಿಬಿಡುತ್ತದೆ. ನೋಡಬೇಕಾದದ್ದು ಚಾಸಿಗೆ ತಾಗಿದ ಪೆಟ್ಟನ್ನು.

ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿದಾಗ ಅದು ಬಂದು ತಾಗಿ ನಿಲ್ಲುವ ಎರಡು ಸಣ್ಣ ಲೋಹದ ತುಂಡುಗಳು ಚಾಸಿಯ ಮೇಲಿರುತ್ತವೆ. ಮುಂಚಕ್ರಕ್ಕೆ ಜೋರಾದ ಪೆಟ್ಟು ಬಿದ್ದಾಗ ಮೊದಲು ಚಪ್ಪಟೆಯಾಗುವುದು ಅಥವಾ ಮುರಿಯುವುದು ಇವೇ. ಬಣ್ಣ ಬಳಿದು ಎಲ್ಲವನ್ನೂ ಮುಚ್ಚಬಹುದು, ಇವುಗಳ ಆಕಾರವನ್ನು ಮುಚ್ಚಲಾಗದು. ಇವುಗಳ ಸುತ್ತಲಿನ ವೆಲ್ಡಿಂಗ್ ಮೇಲೆ ಟಾರ್ಚ್ ಬೆಳಕು ಬಿಟ್ಟು, ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಇದೆಯೇ ಎಂದು ಹುಡುಕಿ. ಇದ್ದರೆ ಬೆಲೆಯ ಮಾತೇ ಬೇಡ. ಹಿಂದಿನ ಲಗೇಜ್ ಕಂಬಿ ಕೂಡುವ ಜಾಗವನ್ನೂ ಹಾಗೆಯೇ ನೋಡಬೇಕು; ಭಾರ ಹೊತ್ತು ದೂರ ಪ್ರಯಾಣ ಮಾಡಿದ ಗಾಡಿಗಳಲ್ಲಿ ಆ ಭಾಗ ಬಾಗಿರುವುದುಂಟು.

ಈ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದ ಕಾರಣ ಜೊತೆಗೊಬ್ಬರು ಬೇಕು. ಅವರು ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ಹಿಂದಕ್ಕೆ ವಾಲಿಸಿ ಮುಂಚಕ್ರ ನೆಲ ಬಿಡುವಂತೆ ಹಿಡಿದುಕೊಂಡರೆ, ನೀವು ಹ್ಯಾಂಡಲನ್ನು ಎರಡು ಬೆರಳಿನಿಂದ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ನಡುವಿನಲ್ಲಿ ಬಂದಾಗ ಗುಳಿಗೆ ಇಳಿದು ಕೂತಂತೆ ಅನಿಸಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅದೇ ಹೊತ್ತಿನಲ್ಲಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ಕಟ್ ಎಂದು ಕೈಗೆ ತಾಗಿದರೆ ಬಿಗಿಯೂ ಹೋಗಿದೆ.

ಫೋರ್ಕಿನ ಕೊಳವೆಗಳನ್ನು ಡೀಲರ್ ಒರೆಸಿಟ್ಟಿರುತ್ತಾನೆ, ಆದ್ದರಿಂದ ಒರೆಸಿದ ಕೊಳವೆಯನ್ನು ನೋಡಿ ನಿರ್ಧರಿಸಬಾರದು. ಮುಂದಿನ ಬ್ರೇಕ್ ಹಿಡಿದು ಮೈಭಾರ ಹಾಕಿ ಹತ್ತು ಸಲ ಒತ್ತಿದ ಮೇಲೆ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದೆಯೇ ನೋಡಬೇಕು. ಮೂಡಿದ್ದರೆ ಉಗುರನ್ನು ಕೊಳವೆಯ ಉದ್ದಕ್ಕೂ ಎಳೆದು ನೋಡಿ: ಉಗುರು ಎಲ್ಲಿಯೂ ತಡೆಯದಿದ್ದರೆ ಸೀಲ್ ಬದಲಿಸಿದರೆ ಸಾಕು, ತಡೆದರೆ ಕೊಳವೆಯೇ ಗೀರಿದೆ, ಹೊಸ ಸೀಲ್ ಹಾಕಿದರೂ ಕೆಲವೇ ದಿನಗಳಲ್ಲಿ ಹರಿಯುತ್ತದೆ. ಈ ಎರಡರ ಖರ್ಚಿಗೆ ಬಹಳ ಅಂತರವಿದೆ.

ಚಕ್ರದ ಕಡ್ಡಿಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಬನ್ನಿ. ಬಿಗಿಯಾದ ಕಡ್ಡಿ ಟಿಂಗ್ ಎಂದು ನುಡಿಯುತ್ತದೆ, ಸಡಿಲವಾದದ್ದು ಟಪ್ ಎಂದು ಸತ್ತ ದನಿ ಕೊಡುತ್ತದೆ. ಒಂದೆರಡು ಸಡಿಲವಿದ್ದರೆ ಬಿಗಿ ಮಾಡಿಸಬಹುದು. ಒಂದೇ ಕಡೆ ಸಾಲಾಗಿ ನಾಲ್ಕೈದು ಕಡ್ಡಿ ಸತ್ತ ದನಿ ಕೊಟ್ಟರೆ ಆ ಜಾಗದಲ್ಲಿ ರಿಮ್ ತಗ್ಗಾಗಿರುವ ಸಂಭವ ಹೆಚ್ಚು. ಚಕ್ರ ತಿರುಗಿಸುತ್ತ ಫೋರ್ಕಿಗೆ ಬೆರಳೂರಿ ಉಗುರಿನ ತುದಿಯನ್ನು ರಿಮ್ಮಿನ ಅಂಚಿಗೆ ಹತ್ತಿರ ಹಿಡಿದರೆ ಓಲಾಟ ಕಣ್ಣಿಗೇ ಕಾಣುತ್ತದೆ. ಅದು ಎರಡು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಪಟ್ಟಿಯಲ್ಲಿ ಬರೆದುಕೊಳ್ಳಿ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ಹಿಂತುದಿಯಲ್ಲಿ ಹಿಡಿದು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧಭಾಗ ಕಂಡರೆ, ಅಥವಾ ಹಲ್ಲುಗಳು ಕುಡುಗೋಲಿನಂತೆ ಒಂದೇ ಕಡೆಗೆ ಬಾಗಿದ್ದರೆ, ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಗಬೇಕು.

ಮೀಟರ್ ಮತ್ತು ದೀಪಗಳು

ಡರ್ಟ್ ಬೈಕಿನಲ್ಲಿ ಕಿಲೋಮೀಟರ್ ಲೆಕ್ಕ ಅರ್ಧ ಸತ್ಯ ಮಾತ್ರ. ಹೆದ್ದಾರಿಯಲ್ಲಿ ಓಡಿದ 25,000 ಕಿಲೋಮೀಟರಿಗಿಂತ ಕೆಸರಿನಲ್ಲಿ ಮೊದಲ ಗೇರಿನಲ್ಲಿ ಓಡಿದ 5,000 ಕಿಲೋಮೀಟರ್ ಎಂಜಿನ್ನಿಗೆ ಹೆಚ್ಚು ಕಷ್ಟ ಕೊಡುತ್ತದೆ. ಆದರೂ ಮೀಟರ್ ನಂಬಬಹುದೇ ಎಂದು ತಿಳಿಯಲು ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಗುರುತನ್ನು ಓದಿ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದ ಟೈರು. ಮೀಟರಿನಲ್ಲಿ 4,000 ಕಿಲೋಮೀಟರ್ ಇದ್ದು, ಗಾಡಿ 2021ರದ್ದಾಗಿ, ಟೈರು 2024ರದ್ದಾಗಿದ್ದರೆ ಮೊದಲ ಟೈರು ಅಷ್ಟು ಬೇಗ ಏಕೆ ಬದಲಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಎದ್ದು ನಿಂತ ಏಣು, ಗೇರ್ ಲಿವರಿನ ಸವೆದ ರಬ್ಬರ್ ಇವೂ ಅದೇ ಪ್ರಶ್ನೆಗೆ ಸಾಕ್ಷಿ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದಾಖಲಾದ ಸರ್ವಿಸ್ ವಿವರವನ್ನು ಮಾಲೀಕರ ಮೂಲಕ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಕೀಲಿ ತಿರುಗಿಸಿದಾಗ ಎಂಜಿನ್ ಎಚ್ಚರಿಕೆಯ ದೀಪವೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಉರಿಯಲೇಬೇಕು. ಮೊದಲನೆಯದು ಎಂಜಿನ್ ಸ್ಟಾರ್ಟ್ ಆದ ಮೇಲೆ, ಎರಡನೆಯದು ಗಾಡಿ ಸ್ವಲ್ಪ ದೂರ ಓಡಿದ ಮೇಲೆ ಆರಬೇಕು. ಆರದೆ ಉರಿಯುತ್ತಿದ್ದರೆ ದೋಷವಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಮೊದಲಿಗೆ ಉರಿಯಲೇ ಇಲ್ಲದಿದ್ದರೆ ಯಾರೋ ದೋಷವನ್ನು ಮುಚ್ಚಿಟ್ಟಿರಬಹುದು ಎಂಬುದು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ.

ದೋಷದ ಪಟ್ಟಿಯಿಂದ ಬೆಲೆಗೆ

ಡೀಲರ್ ಮುಂದೆ ಚೌಕಾಸಿ ಮಾಡುವಾಗ ‘ಸ್ವಲ್ಪ ಕಡಿಮೆ ಮಾಡಿ’ ಎಂಬ ಮಾತಿಗೆ ತೂಕವಿಲ್ಲ, ಏಕೆಂದರೆ ಆ ಸ್ವಲ್ಪವನ್ನು ಮೊದಲೇ ಬೆಲೆಗೆ ಸೇರಿಸಿಯೇ ಅವರು ಹೇಳಿರುತ್ತಾರೆ. ಮೇಲಿನ ಪರೀಕ್ಷೆಗಳಲ್ಲಿ ಸಿಕ್ಕ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಬಿಡಿಭಾಗದ ಬೆಲೆ ಮತ್ತು ಕೂಲಿ ಬರೆಯಿರಿ. ಈ ಅಂಕಿಗಳನ್ನು ಊಹಿಸಬಾರದು. ಹೋಗುವ ಮುನ್ನವೇ ಬಿಡಿಭಾಗದ ಅಂಗಡಿಯಲ್ಲಿ ಚೈನ್ ಕಿಟ್, ಫೋರ್ಕ್ ಸೀಲ್, ಕೋನ್ ಸೆಟ್, ಕ್ಲಚ್ ಪ್ಲೇಟ್, ಎರಡು ಟೈರು ಇಷ್ಟರ ಬೆಲೆ ಕೇಳಿ ಬರೆದುಕೊಂಡಿದ್ದರೆ ಸಾಕು. ನನ್ನ ಎರಡನೇ ಗಾಡಿಗೆ ಡೀಲರ್ ಹೇಳಿದ್ದು 1,12,000 ರೂಪಾಯಿ. ನನ್ನ ಹಾಳೆಯ ಮೊತ್ತ 13,800 ಆಯಿತು. ಹಾಳೆಯನ್ನು ಅವರ ಮೇಜಿನ ಮೇಲಿಟ್ಟು, ಇದರಲ್ಲಿ ಯಾವುದು ತಪ್ಪು ಎಂದು ನೀವೇ ಗುರುತು ಹಾಕಿ ಎಂದೆ. ಅವರು ಹಿಂದಿನ ಟೈರನ್ನು ಮಾತ್ರ ಹೊಡೆದುಹಾಕಿದರು. 1,01,000ಕ್ಕೆ ಮಾತು ಮುಗಿಯಿತು. ಆ ಇಡೀ ಮಾತುಕತೆಯಲ್ಲಿ ಯಾರ ದನಿಯೂ ಏರಲಿಲ್ಲ.

ಹೊಸ ಗಾಡಿಯ ಬೆಲೆಯನ್ನೂ ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ ಒಂದು ಲಕ್ಷ ಇರುವ ಗಾಡಿಗೆ ಹಿಂದೆ ತೆರಿಗೆ ಸೇರಿ 1,28,000 ಆಗುತ್ತಿದ್ದದ್ದು ಈಗ 1,18,000 ಆಗುತ್ತದೆ. ಹಳೆಯ ಗಾಡಿಯ ಬೆಲೆಯನ್ನು ಡೀಲರ್ ಇನ್ನೂ ಹಿಂದಿನ ಹೊಸ ಬೆಲೆಗೆ ಹೋಲಿಸಿ ಹೇಳುತ್ತಿದ್ದರೆ ಈ ಲೆಕ್ಕವನ್ನು ಮುಂದಿಡಿ. 2021ರ ಅಕ್ಟೋಬರಿನಲ್ಲಿ ನಾಲ್ಕು ವಾಲ್ವಿನ 4ವಿ ಬಂದಿತು, 2025ರಲ್ಲಿ ಎಕ್ಸ್‌ಪಲ್ಸ್ 210 ಬಂದಿತು. ಎರಡು ವಾಲ್ವಿನ ಗಾಡಿಗೆ 4ವಿ ಬೆಲೆ ಕೇಳುವವರಿದ್ದಾರೆ, ಆದ್ದರಿಂದ ಆರ್‌ಸಿಯಲ್ಲಿ ಮಾದರಿಯ ಹೆಸರು ಮತ್ತು ತಯಾರಾದ ತಿಂಗಳನ್ನು ಓದಿಯೇ ಮಾತಿಗೆ ಕೂರಬೇಕು.

ಕ್ರ್ಯಾಷ್ ಗಾರ್ಡ್, ಹೆಚ್ಚುವರಿ ದೀಪ, ಬೇರೆ ಸೈಲೆನ್ಸರ್ ಇವಕ್ಕೆ ಹಣ ಸೇರಿಸಿ ಕೊಡಬೇಡಿ. ಬದಲಿಗೆ ಕಂಪನಿಯ ಮೂಲ ಸೈಲೆನ್ಸರ್ ಎಲ್ಲಿದೆ ಎಂದು ಕೇಳಿ; ಅದಿಲ್ಲದಿದ್ದರೆ ಹೊಸದರ ಬೆಲೆಯೂ ಹಾಳೆಗೆ ಸೇರಬೇಕು. ‘ಸಂಜೆ ಇನ್ನೊಬ್ಬರು ಮುಂಗಡ ಕೊಡಲು ಬರುತ್ತಾರೆ’ ಎಂಬ ಮಾತು ಕೇಳಿಬಂದಾಗ ಪರೀಕ್ಷೆಯ ಕ್ರಮವನ್ನು ಅವಸರಿಸಬಾರದು. ಗಾಡಿ ಹೋದರೆ ಇನ್ನೊಂದು ಸಿಗುತ್ತದೆ.

ಕಾಗದದ ದೋಷಗಳು

ಇವು ಸ್ಪ್ಯಾನರಿಗೆ ಸಿಗದ ದೋಷಗಳು, ಹಾಗಾಗಿ ಇವುಗಳಿಗೆ ರಿಯಾಯಿತಿ ಕೇಳದೆ ಸರಿಪಡಿಸಿಕೊಡುವವರೆಗೆ ಕಾಯಬೇಕು. ಚಾಸಿ ಸಂಖ್ಯೆಯನ್ನು ಒರೆಸಿ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ ವಿವರ ನೋಡಿ, ಬಾಕಿ ಚಲನ್ ಇವೆಯೇ ಎಂಬುದನ್ನೂ ಪರೀಕ್ಷಿಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಹೊರರಾಜ್ಯದ ಗಾಡಿ ಅಗ್ಗವಾಗಿ ಕಂಡರೂ ಅದಕ್ಕೆ ಆ ರಾಜ್ಯದ ಆರ್‌ಟಿಒ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತ ಸೇರಿಸಿದ ಮೇಲೆ ಅಗ್ಗ ಉಳಿಯುತ್ತದೆಯೇ ಎಂದು ನೋಡಬೇಕು.

ಡೀಲರ್ ಬಳಿ ಕೊಳ್ಳುವಾಗ ಕೇಳಬೇಕಾದ ಇನ್ನೊಂದು ಕಾಗದವಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಹಳೆಯ ಗಾಡಿಗಳನ್ನು ಮಾರುವ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು, ಮತ್ತು ಮಾಲೀಕರು ಗಾಡಿಯನ್ನು ಡೀಲರಿಗೆ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಪ್ರಾಧಿಕಾರಕ್ಕೆ ತಿಳಿಸಿರಬೇಕು. ಆ ಕಾಗದವಿದ್ದರೆ ಗಾಡಿಯ ಹೊಣೆ ಯಾರದ್ದೆಂಬುದು ಸ್ಪಷ್ಟ. ಅದಿಲ್ಲದೆ ಮೊದಲ ಮಾಲೀಕರು ಸಹಿ ಮಾಡಿಟ್ಟ, ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29 ಮತ್ತು 30 ಮಾತ್ರ ಡ್ರಾಯರಿನಿಂದ ಹೊರಬಂದರೆ, ಆ ಮಾಲೀಕರ ಜೊತೆ ನೀವೇ ಒಮ್ಮೆ ಫೋನಿನಲ್ಲಿ ಮಾತನಾಡದೆ ಮುಂದುವರಿಯಬೇಡಿ.

ವರ್ಗಾವಣೆಯ ಅರ್ಜಿಯನ್ನು ಕೊಂಡವರು 30 ದಿನಗಳೊಳಗೆ ಕೊಡಬೇಕು, ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಕೇಳಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ಗಾಡಿ ತೆಗೆದುಕೊಳ್ಳುವ ದಿನ ವಿತರಣಾ ಪತ್ರದಲ್ಲಿ ದಿನಾಂಕದ ಜೊತೆ ಗಂಟೆ ನಿಮಿಷವನ್ನೂ, ಮೀಟರಿನ ಅಂಕಿಯನ್ನೂ, ಸರಿಪಡಿಸಿಕೊಡುವುದಾಗಿ ಡೀಲರ್ ಒಪ್ಪಿದ ದೋಷಗಳನ್ನೂ ಬರೆಸಿ ಇಬ್ಬರೂ ಸಹಿ ಹಾಕಿ. ಆ ಗಂಟೆಯವರೆಗಿನ ಚಲನ್ ಅವರದ್ದು, ಆಮೇಲಿನದ್ದು ನಿಮ್ಮದು ಎಂಬುದಕ್ಕೆ ಆ ಒಂದು ಹಾಳೆಯೇ ಆಧಾರ.